ಸೂರ್ಯ ದೂರ ಸರಿದರೆ ಅರ್ಧಾಯು ಬದಲಾಗುತ್ತದೆಯೇ?

ವಿಕಿರಣಶೀಲ ವಸ್ತುವಿನ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲವೇ ಅರ್ಧಾಯು. ಆ ಕ್ಷಯದ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ, ಪಠ್ಯಪುಸ್ತಕದಲ್ಲಿದೆ. ಪ್ರಶ್ನೆ ಒಂದೇ: ಅದರಲ್ಲಿನ ಲ್ಯಾಂಬ್ಡಾ, ಅಂದರೆ ಅರ್ಧಾಯುವನ್ನು ನಿರ್ಧರಿಸುವ ಕ್ಷಯದ ದರ, ನಿಜಕ್ಕೂ ಸ್ಥಿರವೇ? ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ರಿಯಾಕ್ಟರ್ ನಿಲ್ಲಿಸಿದ ಮೇಲೂ ಉಳಿಯುವ ಶಾಖವನ್ನು ಲೆಕ್ಕ ಹಾಕುವುದು ಇಂಥ ಸ್ಥಿರಾಂಕಗಳನ್ನು ನಂಬಿಯೇ. ಕಾರವಾರದಲ್ಲಿ ಓದುವ ನಮಗೆ ಇದು ದೂರದ ಮಾತಲ್ಲ.

2008ರ ಸುಮಾರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಂಕಿನ್ಸ್, ಫಿಶ್‌ಬ್ಯಾಕ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನು ಕೆದಕಿದರು: ಬ್ರೂಕ್‌ಹೇವನ್ ಪ್ರಯೋಗಾಲಯದ ಸಿಲಿಕಾನ್-32, ಜರ್ಮನಿಯ ಮಾಪನ ಸಂಸ್ಥೆಯ ರೇಡಿಯಂ-226. ಎರಡರಲ್ಲೂ ಕ್ಷಯದ ಎಣಿಕೆ ಅಲ್ಲಿನ ಚಳಿಗಾಲದಲ್ಲಿ ತುಸು ಏರಿ ಅಲ್ಲಿನ ಬೇಸಿಗೆಯಲ್ಲಿ ಇಳಿಯುತ್ತಿತ್ತು, ಶೇ 0.1ರ ಆಸುಪಾಸಿನಲ್ಲಿ. ಭೂಮಿ ಸೂರ್ಯನಿಗೆ ಹತ್ತಿರವಿರುವುದು ಜನವರಿಯಲ್ಲಿ (14.71 ಕೋಟಿ ಕಿ.ಮೀ.), ದೂರವಿರುವುದು ಜುಲೈಯಲ್ಲಿ (15.21 ಕೋಟಿ ಕಿ.ಮೀ.). ದೂರದ ವರ್ಗ ತೆಗೆದುಕೊಂಡರೆ, ಸೂರ್ಯನಿಂದ ಹೊಮ್ಮುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಪ್ರವಾಹದಲ್ಲಿ ಸುಮಾರು ಶೇ 7ರಷ್ಟು ವ್ಯತ್ಯಾಸ. ಕಾರಣ ಅದೇ ಇರಬಹುದೆಂದು ಅವರ ಊಹೆ. 2006ರ ಡಿಸೆಂಬರಿನ ಸೌರಜ್ವಾಲೆಯ ವೇಳೆ ಮ್ಯಾಂಗನೀಸ್-54ರ ಎಣಿಕೆ ಕುಸಿಯಿತೆಂದೂ ವರದಿ ಮಾಡಿದರು.

ಇನ್ನು ನಿಂತು ನೋಡಬೇಕಾದ ಹೆಜ್ಜೆ. ವರ್ಷಕ್ಕೊಮ್ಮೆ ಏರಿಳಿಯುವುದು ಸೂರ್ಯನ ದೂರ ಮಾತ್ರವಲ್ಲ. ತಾಪಮಾನ, ತೇವಾಂಶ, ಗಾಳಿಯ ಒತ್ತಡ ಎಲ್ಲಕ್ಕೂ ಅದೇ ಆವರ್ತ. ನಮ್ಮ ಪ್ರಯೋಗಾಲಯವನ್ನೇ ತೆಗೆದುಕೊಳ್ಳಿ. ಸೂರ್ಯ ಅತಿ ದೂರವಿರುವ ಜುಲೈ ಮೊದಲ ವಾರವೇ ಕರಾವಳಿಯಲ್ಲಿ ಭರ್ತಿ ಮಳೆಗಾಲ. ಕಪಾಟಿನ ಬಾಗಿಲು ಉಬ್ಬಿ ತೆರೆಯುವುದಿಲ್ಲ, ವಿಕಿರಣ ಎಣಿಸುವ ಗೈಗರ್ ಕೌಂಟರಿನ ಕನೆಕ್ಟರ್ ಮುಟ್ಟಿದರೆ ಬೆರಳಿಗೆ ಪಸೆ. ಆಗ ಎಣಿಕೆ ಇಳಿದರೆ ಕಾರಣ ಸೂರ್ಯನೋ, ಆ ಪಸೆಯೋ? ಒಂದೇ ಊರಿನ ಗ್ರಾಫ್ ಅದನ್ನು ಹೇಳಲಾರದು. ಎಷ್ಟು ವರ್ಷ ಎಣಿಸಿದರೂ ಅಷ್ಟೆ, ಏಕೆಂದರೆ ಎರಡೂ ಜೊತೆಯಾಗಿಯೇ ಏರಿಳಿಯುತ್ತವೆ. ಒಂದು ಸುಳಿವು ಮಾತ್ರ ಇದೆ: ವರದಿಯಾದ ಏರಿಳಿತದ ಶಿಖರ ಬಂದದ್ದು ಜನವರಿಯ ಆರಂಭದಲ್ಲಲ್ಲ, ಕೆಲವು ವಾರ ತಡವಾಗಿ. ನ್ಯೂಟ್ರಿನೊ ಸೂರ್ಯನಿಂದ ಎಂಟು ನಿಮಿಷದಲ್ಲಿ ಬಂದು ತಲುಪುತ್ತದೆ. ವಾರಗಟ್ಟಲೆ ಹಿಂದೆ ಬೀಳುವುದು ಹವಾಮಾನ.

ಎರಡನ್ನೂ ಬೇರ್ಪಡಿಸಲು ವಿಕಿರಣ ಮೂಲವನ್ನು ಋತುಗಳೇ ಇಲ್ಲದ ಕಡೆ ಒಯ್ಯಬೇಕು. ನನಗೆ ಅತ್ಯಂತ ಮೆಚ್ಚುಗೆಯಾದ ವಾದ ಇದು. ಪ್ಲುಟೋನಿಯಂ-238ರ ಶಾಖದಿಂದ ವಿದ್ಯುತ್ ಪಡೆಯುತ್ತಿದ್ದ ಕ್ಯಾಸಿನಿ ಬಾಹ್ಯಾಕಾಶ ನೌಕೆ ಸೂರ್ಯನಿಂದ 0.7 ಖಗೋಳ ಮಾನದಲ್ಲಿದ್ದದ್ದು (ಭೂಮಿ-ಸೂರ್ಯರ ಸರಾಸರಿ ದೂರವೇ ಒಂದು ಮಾನ) 1.6ರವರೆಗೆ ಸಾಗಿತು. ಪ್ರವಾಹದಲ್ಲಿ ಐದು ಪಟ್ಟು ವ್ಯತ್ಯಾಸ! ಶೇ 7ಕ್ಕೆ ಶೇ 0.1 ಎಂದಾದರೆ ಇಲ್ಲಿ ಶೇ 2ಕ್ಕೂ ಹೆಚ್ಚು ಕಾಣಬೇಕಿತ್ತು. 2009ರಲ್ಲಿ ಕೂಪರ್ ವಿಶ್ಲೇಷಿಸಿದಾಗ ಅಂಥದ್ದೇನೂ ಸಿಗಲಿಲ್ಲ.

ಪ್ಲುಟೋನಿಯಂ-238ರದು ಆಲ್ಫಾ ಕ್ಷಯ (ನ್ಯೂಕ್ಲಿಯಸ್ ಹೀಲಿಯಂ ನ್ಯೂಕ್ಲಿಯಸ್ಸನ್ನು ಉಗುಳುವುದು), ಸಿಲಿಕಾನ್-32ರಂಥವುಗಳ ಬೀಟಾ ಕ್ಷಯದ (ಎಲೆಕ್ಟ್ರಾನ್ ಉಗುಳುವುದು) ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. 2016ರಲ್ಲಿ ಪೊಮ್ಮೆ ಮತ್ತು ಹಲವು ಮಾಪನ ಸಂಸ್ಥೆಗಳವರು ಆಲ್ಫಾ, ಬೀಟಾ, ಎಲೆಕ್ಟ್ರಾನ್ ಸೆರೆ (ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಎಲೆಕ್ಟ್ರಾನನ್ನು ನುಂಗುವುದು) ಮೂರನ್ನೂ ಪರಿಶೀಲಿಸಿದರು. ಅತ್ಯಂತ ಸ್ಥಿರ ಅಳತೆಗಳಲ್ಲಿ ವಾರ್ಷಿಕ ಏರಿಳಿತ ಲಕ್ಷದಲ್ಲೊಂದು ಭಾಗದ ಮಟ್ಟಕ್ಕೆ ಇಳಿದಿತ್ತು.

ಕಾರ್ಬನ್-14ರ ಕತೆಯನ್ನು ಇದರೊಂದಿಗೆ ಬೆರೆಸಬೇಡಿ. ಸೂರ್ಯ ಚುರುಕಾಗಿದ್ದಾಗ ಕಾಸ್ಮಿಕ್ ಕಿರಣಗಳು ಕಡಿಮೆ ತಲುಪಿ ಅದರ ಉತ್ಪಾದನೆ ತಗ್ಗುತ್ತದೆ. ಸುಮಾರು 5730 ವರ್ಷಗಳ ಅರ್ಧಾಯು ಅಷ್ಟೇ ಇರುತ್ತದೆ.