ಗಾಳಿ ಫ್ಯಾನಿನ ಹಳೇ ಕೇಬಲ್ ಬೋರ್‌ವೆಲ್ಲಿಗೆ ಆಗುತ್ತಾ?

ಪ್ರಶ್ನೆ: ನಮ್ಮದು ಹೊಸದುರ್ಗದ ಕಡೆ. ಗುಡ್ಡದ ಮೇಲಿನ, ಕರೆಂಟು ತಯಾರಿಸುವ ಹಳೇ ಗಾಳಿ ಫ್ಯಾನ್ ಇಳಿಸುತ್ತಾರಂತೆ. ಒಳಗೆ ಬಾಳೆಹಣ್ಣಿನಷ್ಟು ದಪ್ಪದ ತಾಮ್ರದ ಕೇಬಲ್ ಇರುತ್ತೆ, ಗುಜರಿಯಲ್ಲಿ ಕಮ್ಮಿಗೆ ಸಿಗುತ್ತೆ ಅಂತಾರೆ. ಅದನ್ನೇ ತಂದು ಬೋರ್‌ವೆಲ್ ಮೋಟಾರಿಗೆ ಹಾಕಬಹುದಾ? ಇಲ್ಲಾಂದ್ರೆ ಅಷ್ಟೊಂದು ಕೇಬಲ್ ಕೊನೆಗೆ ಏನಾಗುತ್ತೆ?

ಉತ್ತರ: ಹಾಕಬೇಡಿ. ಯಾಕೆ ಅಂತ ಹೇಳೋದಕ್ಕೆ ಮುಂಚೆ ಆ ಕೇಬಲ್ ಅಷ್ಟು ದಪ್ಪ ಯಾಕಿದೆ ನೋಡೋಣ.

ಫ್ಯಾನಿನ ತಲೆಯಲ್ಲಿರುವ ಜನರೇಟರ್ ಸಾಮಾನ್ಯವಾಗಿ 690 ವೋಲ್ಟಿನಲ್ಲಿ ಕರೆಂಟು ಕೊಡುತ್ತದೆ. 850 ಕಿಲೋವ್ಯಾಟಿನ ಫ್ಯಾನ್ ಅಂತ ಇಟ್ಟುಕೊಳ್ಳಿ. ಪೂರ್ತಿ ಗಾಳಿ ಬೀಸುವಾಗ ಅದರ ಕೇಬಲ್ಲಿನಲ್ಲಿ ಸುಮಾರು 710 ಆಂಪಿಯರ್ ಹರಿಯುತ್ತದೆ. ಕೆಳಗೆ ಟ್ರಾನ್ಸ್‌ಫಾರ್ಮರಿಗೆ ಬಂದು 33 ಸಾವಿರ ವೋಲ್ಟ್ ಆದಮೇಲೆ ಅದೇ ವಿದ್ಯುತ್ತಿಗೆ 15 ಆಂಪಿಯರ್ ಸಾಕು. ಹಾಗಾಗಿ ದಪ್ಪ ತಾಮ್ರ ಇರೋದು ಫ್ಯಾನಿನ ಕಂಬದ ಒಳಗೆ ಮಾತ್ರ. ಅಲ್ಲಿಂದಾಚೆಗೆ, ನೆಲದೊಳಗೆ ಹೋದರೂ ತಂತಿಯಲ್ಲಿ ಹೋದರೂ, ಹೆಚ್ಚಾಗಿ ಅಲ್ಯೂಮಿನಿಯಂ.

ಈಗ ನಿಮ್ಮ ಬೋರ್‌ವೆಲ್ಲಿಗೆ ಬರೋಣ. ಏಳೂವರೆ ಎಚ್‌ಪಿ ಮೋಟಾರಿಗೆ ಬೇಕಾಗೋದು ಹೆಚ್ಚೆಂದರೆ ಹದಿನೈದು ಆಂಪಿಯರ್. ಕಂಬದೊಳಗಿನ ಕೇಬಲ್ 240 ಚದರ ಮಿಲಿಮೀಟರ್ ಗಾತ್ರದ್ದಾದರೆ ಒಂದು ಮೀಟರಿಗೆ ತಾಮ್ರವೇ ಎರಡು ಕೆಜಿ ದಾಟುತ್ತದೆ. ಮೂರು ಫೇಸಿಗೆ ಮೂರು ಕೇಬಲ್, ಮೋಟಾರ್ ಇಳಿಸಿರೋದು 600 ಅಡಿಗೆ. ಲೆಕ್ಕ ಹಾಕಿದರೆ ಒಂದು ಟನ್ನಿಗೂ ಜಾಸ್ತಿ ತೂಕ! ಮೋಟಾರ್ ಎತ್ತಲು ಬಂದವರು ಕೇಬಲ್ ನೋಡಿಯೇ ವಾಪಸ್ ಹೋಗುತ್ತಾರೆ. ಅದೂ ಅಲ್ಲದೆ ಆ ರಬ್ಬರ್ ಹೊದಿಕೆ ವರ್ಷಗಟ್ಟಲೆ ನೀರಿನಲ್ಲಿ ಮುಳುಗಿರಲಿ ಅಂತ ಮಾಡಿದ್ದಲ್ಲ.

ಇನ್ನೂ ಒಂದು ಕಾರಣ ಇದೆ. ಗಾಳಿ ಯಾವ ದಿಕ್ಕಿಗೆ ತಿರುಗುತ್ತದೋ ಫ್ಯಾನಿನ ತಲೆಯೂ ಆ ದಿಕ್ಕಿಗೆ ತಿರುಗುತ್ತದೆ. ಜೊತೆಗೆ ಕೇಬಲ್ಲೂ ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ಕೆಲವು ಸುತ್ತು ಆದಮೇಲೆ ಯಂತ್ರ ತಾನೇ ನಿಂತು, ತಲೆಯನ್ನು ಉಲ್ಟಾ ತಿರುಗಿಸಿ ಹುರಿ ಬಿಚ್ಚಿಕೊಳ್ಳುತ್ತದೆ. ಇಪ್ಪತ್ತು ವರ್ಷ ಹೀಗೆ ಸುತ್ತಿಸಿ ಬಿಚ್ಚಿಸಿಕೊಂಡ ಕೇಬಲ್ ಅದು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ದಣಿದಿರುತ್ತದೆ. ಕೇಬಲ್ ಆಗಿ ಅದರ ಆಯಸ್ಸು ಮುಗಿಯಿತು. ಆದರೆ ತಾಮ್ರಕ್ಕೆ ಮುಪ್ಪಿಲ್ಲ. ಬೆಲೆ ಇರೋದು ಅದಕ್ಕೇ.

ಎಷ್ಟು ತಾಮ್ರ? 70 ಮೀಟರ್ ಕಂಬ, ಒಂದೊಂದು ಫೇಸಿಗೆ ಎರಡೆರಡರಂತೆ ಆರು ಕೇಬಲ್ ಅಂದುಕೊಂಡರೆ ಸುಮಾರು 900 ಕೆಜಿ. ಎಲ್ಲ ಫ್ಯಾನಿನಲ್ಲೂ ಇಷ್ಟೇ ಇರುತ್ತದೆ ಅಂತಲ್ಲ. ಕೆಲವು ಕಡೆ ಮೇಲಿನ ತಿರುಗುವ ಭಾಗಕ್ಕೆ ಮಾತ್ರ ತಾಮ್ರ ಹಾಕಿ, ಕೆಳಗೆ ಅಲ್ಯೂಮಿನಿಯಂ ಕೊಟ್ಟಿರುತ್ತಾರೆ. ಚಿತ್ರದುರ್ಗದವರಿಗೆ ತಾಮ್ರ ತೆಗೆಯುವ ಕಷ್ಟ ಹೊಸದೇನಲ್ಲ, ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ಇತ್ತು. ಇವತ್ತು ಜಗತ್ತಿನ ಬಹುಪಾಲು ಗಣಿಗಳಲ್ಲಿ ಒಂದು ಟನ್ ಅದಿರು ಅಗೆದು ಪುಡಿ ಮಾಡಿದರೂ ಹತ್ತು ಕೆಜಿ ತಾಮ್ರ ಸಿಗೋದಿಲ್ಲ. ಅಂದರೆ ಆ ಒಂದು ಕಂಬದಲ್ಲಿ ತೂಗುಬಿದ್ದಿರೋ ತಾಮ್ರಕ್ಕೆ 90 ಟನ್ನಿಗೂ ಜಾಸ್ತಿ ಕಲ್ಲು ಒಡೆಯಬೇಕು.

ಗುಜರಿ ವಿಷಯದಲ್ಲಿ ನಾನೇ ಮೋಸ ಹೋಗುವುದರಲ್ಲಿದ್ದೆ. ಕಂಬದಿಂದ ಇಳಿಸಿದ ಕೇಬಲ್ಲಿನ ಒಂದು ಮೊಳದ ತುಂಡು ನನ್ನ ಹತ್ತಿರ ಇತ್ತು. ಬೆಲೆ ಕೇಳೋಣ ಅಂತ ಒಂದು ಅಂಗಡಿಗೆ ಒಯ್ದೆ. ಆತ ಕತ್ತರಿಸಿದ ತುದಿ ನೋಡಿದ. ಎಳೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. "ಅಲ್ಯೂಮಿನಿಯಂ ಸಾರ್, ಏನೂ ಬರಲ್ಲ" ಅಂದ. ನನಗೂ ಹೌದೇನೋ ಅನ್ನಿಸಿತು. ಆದರೆ ಕೈಗೆ ತೂಕ ಬೇರೆ ಹೇಳುತ್ತಿತ್ತು. ಒಂದು ಎಳೆ ಎಳೆದು ಬ್ಲೇಡಿನಲ್ಲಿ ಕೆರೆದೆ. ಒಳಗೆ ಕೆಂಪು! ಹಿಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಇದೂ ಅದೇ. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ ಅಂತ ಇಂಥ ಕೇಬಲ್‌ಗಳಲ್ಲಿ ಎಳೆಗಳಿಗೆ ತವರದ ಲೇಪ ಕೊಡುವುದುಂಟು. ಒಂದು ಮೊಳದಲ್ಲಿ ಸುಮಾರು ಒಂದು ಕೆಜಿ ತಾಮ್ರ. ಅಷ್ಟೇ ದಪ್ಪದ ಅಲ್ಯೂಮಿನಿಯಂ ಆಗಿದ್ದರೆ 300 ಗ್ರಾಂ. ಕೆರೆದು ತೋರಿಸಿದ ಮೇಲೆ ಆತ ಸುಮ್ನೆ ನಕ್ಕ. ತವರ ಇರುವ ತಾಮ್ರಕ್ಕೆ ಬರೀ ತಾಮ್ರಕ್ಕಿಂತ ಸ್ವಲ್ಪ ಕಮ್ಮಿ ರೇಟು, ಅದು ನಿಜ. ಆದರೆ ಅಲ್ಯೂಮಿನಿಯಂ ರೇಟಂತೂ ಅಲ್ಲ.

ಇನ್ನು ತಾಮ್ರ ತೆಗೆಯಲು ಕೇಬಲ್ ಸುಡುವ ವಿಷಯ. ದಾವಣಗೆರೆ ಬೈಪಾಸಿನ ಆಚೆ ಒಂದು ಸಂಜೆ ಯಾರೋ ಹಳ್ಳದ ಪಕ್ಕ ವೈರ್ ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ಕಪ್ಪು ಹೊಗೆ ಎಲ್ಲರಿಗೂ ಕಾಣುತ್ತಿತ್ತು. ಹತ್ತಿರ ಹೋದರೆ ಜ್ವಾಲೆಯ ಅಂಚಿನಲ್ಲಿ ಹಸಿರು ಬಣ್ಣ, ದೀಪಾವಳಿ ಪಟಾಕಿಯ ಹಾಗೆ. ಚೆಂದ ಕಾಣುತ್ತದೆ, ಆದರೆ ಆ ಹಸಿರೇ ಅಪಾಯದ ಗುರುತು. ಇಂಥ ವೈರಿನ ಹೊದಿಕೆ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಶುದ್ಧ ಪಿವಿಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಕ್ಲೋರಿನ್ನಿನದು. ಸುಟ್ಟಾಗ ಅದು ತಾಮ್ರದ ಜೊತೆ ಸೇರಿ ಹಸಿರು ಜ್ವಾಲೆ ಕೊಡುತ್ತದೆ. ಹೊಗೆ ಆರುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದಕ್ಕೆ ಕುಮ್ಮಕ್ಕು ಕೊಡೋದೂ ಇದೇ ತಾಮ್ರ. ಹಳೇ ಪಿವಿಸಿಯಲ್ಲಿ ಸೀಸವೂ ಇರುತ್ತದೆ, ಅದು ಬೂದಿಯಲ್ಲಿ ಉಳಿದು ಮಳೆ ಬಂದಾಗ ಹಳ್ಳಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಮಾಡಿ ಸಿಗೋದು ಕರಿ ಹಿಡಿದ, ಮುಟ್ಟಿದರೆ ಮುರಿಯುವ ತಾಮ್ರ. ಅದಕ್ಕೆ ರೇಟೂ ಕಮ್ಮಿ. ನನಗೆ ಇದು ಪೆದ್ದತನ ಅನ್ನಿಸುತ್ತದೆ, ಪಾಪಕ್ಕಿಂತ ಮುಂಚೆ.

ಸರಿಯಾಗಿ ಮಾಡುವವರು ದಪ್ಪ ಕೇಬಲ್ಲಿನ ಸಿಪ್ಪೆಯನ್ನು ಯಂತ್ರದಲ್ಲಿ ಉದ್ದಕ್ಕೆ ಸೀಳಿ ಸುಲಿಯುತ್ತಾರೆ. ಸಣ್ಣದನ್ನು ರಾಗಿ ಕಾಳಿನಷ್ಟು ಚೂರು ಮಾಡಿ, ಅಲುಗಾಡುವ ಜಾಲರಿಯ ಮೇಲೆ ಕೆಳಗಿನಿಂದ ಗಾಳಿ ಊದುತ್ತಾರೆ. ಪ್ಲಾಸ್ಟಿಕ್ ಹಗುರ, ತೇಲಿ ಒಂದು ಕಡೆ ಹೋಗುತ್ತದೆ. ಲೋಹ ಭಾರ, ಕೆಳಗೇ ಉಳಿಯುತ್ತದೆ. ಕಣದಲ್ಲಿ ರಾಗಿ ತೂರುವುದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುದ್ಧ ತಾಮ್ರ ಕರಗಿ ಮತ್ತೆ ವೈರೇ ಆಗಬಹುದು. ಅಲ್ಯೂಮಿನಿಯಂ ಮತ್ತೆ ಕರಗಿಸಲು ಅದಿರಿನಿಂದ ತೆಗೆಯುವುದರ ಇಪ್ಪತ್ತನೇ ಒಂದು ಪಾಲು ಶಕ್ತಿ ಸಾಕು.

ತಲೆನೋವು ಇರೋದು ಸಿಪ್ಪೆಯದ್ದು. ಪಿವಿಸಿಯಾದರೆ ಕರಗಿಸಿ ಚಪ್ಪಲಿ ಅಟ್ಟೆ, ಮ್ಯಾಟು ಮಾಡುತ್ತಾರೆ. ನೆಲದೊಳಗಿನ 33 ಸಾವಿರ ವೋಲ್ಟಿನ ಕೇಬಲ್ಲಿಗೆ ಇರೋದು ಎಕ್ಸ್‌ಎಲ್‌ಪಿಇ ಎಂಬ ಬೇರೆ ಥರದ ಪ್ಲಾಸ್ಟಿಕ್. ಅದು ಬೇಯಿಸಿದ ಮೊಟ್ಟೆ ಇದ್ದ ಹಾಗೆ, ಮತ್ತೆ ಕಾಯಿಸಿದರೆ ಕರಗೋದಿಲ್ಲ. ಪುಡಿ ಮಾಡಿ ಬೇರೆ ಪ್ಲಾಸ್ಟಿಕ್ಕಿಗೆ ಬೆರೆಸಬೇಕು, ಇಲ್ಲವೇ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕೊಡಬೇಕು.

ಕಾನೂನಿನ ಮಾತು ಚುಟುಕಾಗಿ. ಹೊದಿಕೆ ಇರುವ ತಾಮ್ರದ ವೈರ್ ಗುಜರಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅದನ್ನು ಸುಲಿದು ಲೋಹ ತೆಗೆಯುವ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 2 ಮೆಗಾವ್ಯಾಟಿಗಿಂತ ಚಿಕ್ಕ ಹಳೇ ಫ್ಯಾನ್ ತೆಗೆದು ದೊಡ್ಡದು ಹಾಕಲು ಕೇಂದ್ರ ಸರ್ಕಾರ 2023ರಲ್ಲಿ ನೀತಿ ತಂದಿದೆ. ಹಾಗಾಗಿ ಮುಂದೆ ಇಂಥ ಕೇಬಲ್ ನಮ್ಮ ಕಡೆ ಜಾಸ್ತಿಯೇ ಇಳಿಯುತ್ತದೆ. ಬಿಲ್ ಇಲ್ಲದೆ ಒಂದು ಮೊಳವೂ ಕೊಳ್ಳಬೇಡಿ. ಕದ್ದ ಮಾಲಾಗಿದ್ದರೆ ಠಾಣೆ ಮೆಟ್ಟಿಲು ನೀವೇ ಹತ್ತಬೇಕಾಗುತ್ತದೆ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಫ್ಯಾನ್ ಇಳಿಸಿದ್ದಾರೆ, ಇನ್ನೇನು ಹೊಲದ ಬದುವಿನಲ್ಲಿ ಹೂತ ಕೇಬಲ್ ಸತ್ತಿದೆ ಅಂತ ಯಾರೂ ಅಗೆಯಲು ಹೋಗಬೇಡಿ. ಒಂದೇ ಲೈನಿಗೆ ನಾಲ್ಕಾರು ಫ್ಯಾನ್ ಸೇರಿರುತ್ತವೆ. ನಿಮ್ಮ ಗುಡ್ಡದ್ದು ಇಳಿದರೂ ಪಕ್ಕದ ಗುಡ್ಡದ್ದು ಅದೇ ಕೇಬಲ್ಲಿಗೆ 33 ಸಾವಿರ ವೋಲ್ಟ್ ಕೊಡುತ್ತಿರಬಹುದು. ಲೈನ್ ಆಫ್ ಮಾಡಿದ ಮೇಲೂ ಅರ್ಥ್ ಮಾಡುವ ತನಕ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಜಾಗ ನಿಮ್ಮದೇ ಆಗಿದ್ದರೆ ಲೀಸ್ ಪತ್ರ ತೆಗೆದು ನೋಡಿ. ನೆಲದೊಳಗಿನ ಕೇಬಲ್ ಕೊನೆಗೆ ಯಾರು ತೆಗೆಯಬೇಕು, ಗುಂಡಿ ಯಾರು ಮುಚ್ಚಬೇಕು ಅಂತ ಅದರಲ್ಲಿ ಬರೆದಿಲ್ಲದಿದ್ದರೆ ಫ್ಯಾನ್ ಇಳಿಸುವ ಕ್ರೇನ್ ವಾಪಸ್ ಹೋಗುವ ಮುಂಚೆಯೇ ಕಂಪನಿಯವರಿಂದ ಬರೆಸಿಕೊಳ್ಳಿ.