ಮಳೆ ತೊಳೆದ ಮಣ್ಣಿನಲ್ಲಿ ತರಕಾರಿ

ಶಿರಸಿ, ಕುಮಟಾ, ಕಾರವಾರದ ಕಡೆ ಹೊಸದಾಗಿ ತರಕಾರಿ ಬೆಳೆಯಲು ಹೊರಟವರು ಜೂನ್‌ನಲ್ಲೇ ಬೀಜ ಹಾಕಿಬಿಡುತ್ತಾರೆ. ಮಳೆ ಬಂತು, ನೀರು ಹಾಕುವ ಕೆಲಸ ಇಲ್ಲ ಅಲ್ವಾ? ಹಳಬರು ಮಳೆಗಾಲದಲ್ಲೇ ಹೀರೆ, ಸೌತೆ, ಬೆಂಡೆ ಬೆಳೆಯುತ್ತಾರೆ, ನಿಜ. ಆದರೆ ತಮ್ಮ ಹಿತ್ತಲಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಅವರಿಗೆ ಗೊತ್ತು. ಹೊಸಬರು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕು ಅಂತಲೇ ನಾನು ಹೇಳುತ್ತೇನೆ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಗಿಡಕ್ಕೆ ಬೇಕಾದ ಸಾರಜನಕ ಮಣ್ಣಿನಲ್ಲಿ ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಇರುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದುಕೊಳ್ಳುವುದಿಲ್ಲ, ನೀರಿನ ಜೊತೆ ಅದೂ ಹೊರಟುಬಿಡುತ್ತದೆ. ಸುಣ್ಣ, ಪೊಟ್ಯಾಶ್ ಕೂಡ ನಿಧಾನಕ್ಕೆ ತೊಳೆದು ಹೋಗುತ್ತವೆ. ಚಿರೆಕಲ್ಲಿನ ಕೆಂಪು ಮಣ್ಣಿನಲ್ಲಿ ಕೊನೆಗೆ ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಇವು ರಂಜಕವನ್ನು ಗಟ್ಟಿಯಾಗಿ ಕಟ್ಟಿಹಾಕುತ್ತವೆ. ರಂಜಕ ಮಣ್ಣಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಹಾಗಾಗಿ ಜುಲೈಯಲ್ಲಿ ಬುಟ್ಟಿಗಟ್ಟಲೆ ಗೊಬ್ಬರ ಸುರಿದರೂ ಅದರ ಒಳ್ಳೆಯ ಪಾಲು ಚರಂಡಿ ಸೇರುತ್ತದೆ.

ಇಂಥ ಮಣ್ಣು ಹುಳಿಯಾಗಿರುತ್ತದೆ. ಹುಳಿಯನ್ನು ಅಳೆಯುವ ಅಂಕೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಹೆಚ್ಚಿನ ತರಕಾರಿಗಳಿಗೆ ಹಿತ ಪಿಎಚ್ 6ರಿಂದ 7. ನಮ್ಮಲ್ಲಿ ಬಹಳ ಕಡೆ ಅದಕ್ಕಿಂತ ಕಡಿಮೆ. ಇದಕ್ಕೆ ಮದ್ದು ಬಚ್ಚಲ ಒಲೆಯಲ್ಲೇ ಇದೆ. ಕಟ್ಟಿಗೆ ಬೂದಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಜೊತೆಗೆ ಪೊಟ್ಯಾಶ್. ಒಂದು ಚದರ ಮೀಟರ್ ಮಡಿಗೆ ವರ್ಷಕ್ಕೆ ಎರಡು ಮುಷ್ಟಿ ಸಾಕು.

ಇಲ್ಲೊಂದು ಎಚ್ಚರ ಬೇಕು. ಹಸಿ ಸಗಣಿಗೋ ಗಂಜಳಕ್ಕೋ ಬೂದಿ ಬೆರೆಸಿ ನೋಡಿ. ಸ್ವಲ್ಪ ಹೊತ್ತಿಗೆ ಮೂಗಿಗೆ ಘಾಟು ಹೊಡೆಯುತ್ತದೆ. ಅದು ಅಮೋನಿಯಾ. ಬೂದಿಯ ಕ್ಷಾರಕ್ಕೆ ಸಾರಜನಕ ಅನಿಲವಾಗಿ ಹಾರಿಹೋಗುತ್ತಿರುವ ವಾಸನೆ. ಗಿಡಕ್ಕೆ ಸೇರಬೇಕಾದದ್ದನ್ನು ಸುಮ್ನೆ ಗಾಳಿಗೆ ಬಿಟ್ಟ ಹಾಗಾಯಿತು! ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕೊಳೆತು ವಾಸನೆ ಹೋದ ಮೇಲೆ ಮಡಿಗೆ ಹಾಕಿ. ಬೂದಿಯನ್ನು ಬೇರೆಯಾಗಿ, ಕೆಲವು ವಾರ ಬಿಟ್ಟು ಹಾಕಿ.

ಇನ್ನು ದರಕು, ಅಂದರೆ ಉದುರಿದ ಒಣ ಎಲೆ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಮರದ ಬುಡಕ್ಕೆ ಹಾಕುವುದನ್ನು ಶಿರಸಿ ಕಡೆಯವರೆಲ್ಲ ನೋಡಿಯೇ ಇರುತ್ತೀರಿ. ಹಿತ್ತಲ ಮಡಿಗೂ ಇದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಆದರೆ ಮಣ್ಣಿನ ಒಳಗೆ ಬೆರೆಸಬೇಡಿ, ಮೇಲೆ ಹರಡಿ. ಒಣ ಎಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ 50 ಪಾಲೋ ಅದಕ್ಕೂ ಜಾಸ್ತಿಯೋ ಇಂಗಾಲ ಇರುತ್ತದೆ. ಅದನ್ನು ತಿಂದು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಷ್ಟು ಸಾರಜನಕ ಸಾಲುವುದಿಲ್ಲ. ಕೊರತೆಯನ್ನು ಅವು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಬೆಂಡೆ ಗಿಡದ ಕೆಳಗಿನ ಎಲೆ ಹಳದಿಯಾಗುವುದು ಹೀಗೆ. ಮೇಲೆ ಹರಡಿದರೆ ಈ ಎಳೆದಾಟ ದರಕು ಮಣ್ಣಿಗೆ ತಾಗುವ ತೆಳು ಪದರಕ್ಕಷ್ಟೇ ಸೀಮಿತ. ಬೇರಿನ ಮಟ್ಟಕ್ಕೆ ಇಳಿಯುವುದಿಲ್ಲ.

ನಾಲ್ಕು ಬೆರಳು ದಪ್ಪ ಹೊದಿಸಿದ ಮಡಿಯಲ್ಲಿ ಜನವರಿಯ ಹೊತ್ತಿಗೆ ದರಕು ಸರಿಸಿ ನೋಡಿ. ಮೇಲಿನದು ಗರಿಗರಿ ಒಣಗಿರುತ್ತದೆ. ಅದರ ಕೆಳಗೆ ಎಲೆ ಎಲೆಗೆ ಬಿಳಿ ಶಿಲೀಂಧ್ರದ ನೂಲು ಹಬ್ಬಿರುತ್ತದೆ. ಇನ್ನೂ ಕೆಳಗೆ ಎಲೆಯ ನರ ಮಾತ್ರ ಉಳಿದು, ತಳದಲ್ಲಿ ಕಪ್ಪು ಪುಡಿ, ಎರೆಹುಳದ ಹಿಕ್ಕೆಯ ಸಣ್ಣ ಉಂಡೆಗಳು. ಪಕ್ಕದಲ್ಲೇ ಬರಿ ಮಣ್ಣು ಬಿಸಿಲಿಗೆ ಗಟ್ಟಿಯಾಗಿ ಕೂತಿರುತ್ತದೆ. ಈ ಕಪ್ಪು ಪುಡಿಯೇ ನಮಗೆ ಬೇಕಾದದ್ದು. ಪೊಟ್ಯಾಶ್, ಸುಣ್ಣವನ್ನು ಮುಂದಿನ ಮಳೆಗೆ ಬಿಟ್ಟುಕೊಡದೆ ಹಿಡಿದಿಡುವ ಶಕ್ತಿ ಅದಕ್ಕಿದೆ.

ಕಡಲ ಬದಿಯ ಹೊಯಿಗೆ (ಮರಳು) ಮಣ್ಣಿನಲ್ಲಿ ಕಷ್ಟ ಬೇರೆ, ಅಲ್ಲಿ ನೀರೇ ನಿಲ್ಲುವುದಿಲ್ಲ. ಮಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ನೆನೆಸಿ, ತೊಳೆದು ಹೂಳಿ. ಮೀನು ತೊಳೆದ ನೀರು ಬಸಳೆ ಬುಡಕ್ಕೆ ಹೋಗುವ ಮನೆಗಳಲ್ಲಿ ಬಸಳೆ ದಪ್ಪ ಬರುವುದಕ್ಕೆ ಕಾರಣ ಅದರಲ್ಲಿನ ಸಾರಜನಕ ಮತ್ತು ರಂಜಕ. ಒಣಮೀನು ನೆನೆಸಿದ ನೀರು ಮಾತ್ರ ಬೇಡ, ಉಪ್ಪು.

ಮೊದಲ ವರ್ಷಕ್ಕೆ ಹರಿವೆ, ಬಸಳೆ, ಅಲಸಂದೆ ಸಾಕು. ಅಲಸಂದೆಯ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಗಿಡಕ್ಕೆ ಒದಗಿಸುತ್ತದೆ. ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ.

ಹೀರೆ ಹಾಕಿದರೆ ಮೊದಲ ಹೂಗಳು ಉದುರಿದವು ಅಂತ ಗಾಬರಿ ಬೇಡ. ಮೊದಲು ಬರುವುದು ಗಂಡು ಹೂವು. ಹೀರೆ ಹೂ ಅರಳುವುದು ಸಂಜೆ, ಪರಾಗ ಒಯ್ಯುವ ಪತಂಗಗಳು ಬರುವುದೂ ಆಗಲೇ. ಆ ಹೊತ್ತಿಗೆ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಬೀಜ ಎತ್ತಿಡುವ ಆಸೆ ಇದ್ದರೆ ಸೌತೆಯಿಂದ ಶುರು ಮಾಡಬೇಡಿ. ಪಕ್ಕದ ಮನೆಯ ಸೌತೆಯ ಪರಾಗ ಜೇನಿನ ಜೊತೆ ಬಂದು ತಳಿ ಬೆರೆತು ಹೋಗುತ್ತದೆ. ಅಲಸಂದೆ ಹಾಗಲ್ಲ, ಹೆಚ್ಚಾಗಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಒಳ್ಳೆಯ ಬಳ್ಳಿ ಒಂದನ್ನು ಗುರುತು ಮಾಡಿ, ಅದರ ನಾಲ್ಕಾರು ಕೋಡು ಕೊಯ್ಯದೆ ಬಿಡಿ. ಬಳ್ಳಿಯಲ್ಲೇ ಒಣಗಿದ ಮೇಲೆ ಬಿಡಿಸಿ, ಒಣ ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿದರೆ ಮುಂದಿನ ಅಕ್ಟೋಬರಿಗೆ ಬೀಜ ನಿಮ್ಮದೇ.