ಭಾನುವಾರದ ಲಾಂಗ್ ರನ್, ಮನೆಯಲ್ಲಿ ಜಗಳ: ಏನು ಮಾಡೋದು?

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದವನು. ಕೆಲಸಕ್ಕೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ದೊಡ್ಡ ಮಗಳಿಗೆ ಎಂಟು ವರ್ಷ, ಚಿಕ್ಕವನಿಗೆ ಮೂರು. ಹಾಫ್ ಮ್ಯಾರಥಾನ್ ಓಡಬೇಕು ಅಂತ ಆಸೆ. ಆದರೆ ಭಾನುವಾರ ಬೆಳಿಗ್ಗೆ ಶೂ ಹಾಕಿದರೆ ಸಾಕು, ಹೆಂಡತಿ ಮುಖ ಊದಿಸಿಕೊಳ್ಳುತ್ತಾಳೆ. ಓಟ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಸಿಟ್ಟು ಯಾವುದಕ್ಕೆ ಅಂತ ಸರಿಯಾಗಿ ನೋಡಿ. ಏಳೂವರೆಗೆ ಬರ್ತೀನಿ ಅಂತ ಹೋಗಿ, ಅಮಾನಿಕೆರೆ ಸುತ್ತಿ, ಗೆಳೆಯರ ಜೊತೆ ತಟ್ಟೆ ಇಡ್ಲಿ ತಿಂದು, ಫೋಟೋ ತೆಗೆಸಿಕೊಂಡು ಹತ್ತು ಗಂಟೆಗೆ ಬಂದು, ಆಮೇಲೆ ಮಧ್ಯಾಹ್ನದ ತನಕ ಕಾಲು ಚಾಚಿ ಮಲಗಿದರೆ ಯಾರಿಗೆ ತಾನೇ ಕೋಪ ಬರಲ್ಲ? ಓಡಿದ್ದು ಎರಡು ಗಂಟೆ, ಹೋಗಿದ್ದು ಪೂರ್ತಿ ಭಾನುವಾರ. ನನಗೆ ಗೊತ್ತಿರುವ ಜಗಳಗಳಲ್ಲಿ ಮುಕ್ಕಾಲು ಪಾಲು ಇದೇ.

ಹಾಫ್ ಅಂದರೆ 21.1 ಕಿಲೋಮೀಟರ್. ಈಗಾಗಲೇ ಐದಾರು ಕಿಲೋಮೀಟರ್ ಆರಾಮಾಗಿ ಓಡುತ್ತಿದ್ದರೆ, ಮೂರು ತಿಂಗಳು ವಾರಕ್ಕೆ ಮೂರು ಓಟ ಸಾಕು. ಎರಡು ಚಿಕ್ಕವು, ಒಂದು ಅರ್ಧ ಗಂಟೆ, ಇನ್ನೊಂದು ಮುಕ್ಕಾಲು ಗಂಟೆ. ಭಾನುವಾರ ಒಂದು ಉದ್ದದ್ದು. ಅದನ್ನ ನಿಧಾನಕ್ಕೆ ಏರಿಸುತ್ತಾ 16 ಕಿಲೋಮೀಟರ್‌ಗೆ ತಂದರೆ ಆಯಿತು, ತಯಾರಿಯಲ್ಲೇ 21 ಮುಟ್ಟಬೇಕು ಅಂತೇನಿಲ್ಲ. ಕಿಲೋಮೀಟರ್‌ಗೆ 7 ನಿಮಿಷದ ಲೆಕ್ಕದಲ್ಲಿ 16 ಕಿಲೋಮೀಟರ್‌ಗೆ 112 ನಿಮಿಷ. ಐದೂಕಾಲಿಗೆ ಹೊರಟರೆ ಏಳೂವರೆಗೆ ಮನೆಯಲ್ಲಿರಬಹುದು, ಇಡ್ಲಿ ಪಾರ್ಸೆಲ್ ಹಿಡಿದುಕೊಂಡು. ಬರುವ ಟೈಮ್ ಹೇಳಿ, ಅದಕ್ಕೆ ಸರಿಯಾಗಿ ಬನ್ನಿ. ದೂರ ಇನ್ನೂ ಎರಡು ಕಿಲೋಮೀಟರ್ ಬಾಕಿ ಇದ್ದರೂ ಸರಿ, ವಾಪಸ್ ಬನ್ನಿ.

ಬೆಳಗಿನ ರೈಲು ಹಿಡಿಯುವವರು ಅದಕ್ಕೂ ಮೊದಲು ಓಡಬೇಕು ಅಂತ ನಾಲ್ಕಕ್ಕೆ ಏಳುವುದು ನನಗೆ ಇಷ್ಟವಿಲ್ಲ. ನಿದ್ದೆ ಕೆಟ್ಟರೆ ಮಂಡಿ, ಮೀನಖಂಡದ ನೋವು ಬೇಗ ಅಂಟಿಕೊಳ್ಳುತ್ತೆ, ಮನೆಯಲ್ಲಿ ಸಿಡುಕೂ ಜಾಸ್ತಿ. ಚಿಕ್ಕ ಓಟ ಒಂದನ್ನ ವಾರದ ಮಧ್ಯೆ ಸಂಜೆ ಬಂದ ಮೇಲೆ ಮುಗಿಸಿ. ಇನ್ನೊಂದನ್ನ ರಜೆಯ ದಿನ ಮಗಳ ಜೊತೆ ಮಾಡಿ: ಅವಳು ಸೈಕಲ್ ಮೇಲೆ, ನೀವು ಪಕ್ಕದಲ್ಲಿ. ಹೇಗೂ ನಿಮ್ಮ ಹೆಚ್ಚಿನ ಓಟ ಮಾತಾಡುತ್ತಾ ಓಡುವಷ್ಟು ನಿಧಾನ ಇರಬೇಕು. ಎಂಟು ವರ್ಷದವಳು ಮಾತಿಗೆ ಕಮ್ಮಿ ಮಾಡಲ್ಲ ಬಿಡಿ.

ತಿಂಗಳಿಗೊಮ್ಮೆ ದೇವರಾಯನದುರ್ಗದ ಕಡೆ ಎಲ್ಲರೂ ಹೋಗಿ. ನೀವು ರಸ್ತೆಯಲ್ಲಿ ಓಡಿ, ಅವರು ತಿಂಡಿ ಡಬ್ಬಿ ತೆಗೆದುಕೊಂಡು ನಾಮದ ಚಿಲುಮೆಗೆ ಬರಲಿ, ಮಕ್ಕಳು ಜಿಂಕೆ ನೋಡಲಿ. ಆದರೆ ಅದು ಚಿರತೆ, ಕರಡಿ ಇರುವ ಕಾಡು. ಕತ್ತಲಲ್ಲಿ ಒಬ್ಬರೇ ಹೊರಡಬೇಡಿ.

ಇನ್ನೊಂದು, ಇದು ಗಂಡಸರಿಗೆ ಕಹಿ. ನೀವು ವಾರಕ್ಕೆ ಮೂರು ಗಂಟೆ ತೆಗೆದುಕೊಂಡರೆ ಹೆಂಡತಿಗೂ ಮೂರು ಗಂಟೆ ಬಿಡಿ. ಆ ಹೊತ್ತಲ್ಲಿ ಸ್ನಾನ, ತಿಂಡಿ, ಹೋಂವರ್ಕ್ ಎಲ್ಲ ನಿಮ್ಮದೇ. "ಚಿಕ್ಕವನ ಚಡ್ಡಿ ಎಲ್ಲಿದೆ?" ಅಂತ ಫೋನ್ ಮಾಡಿದರೆ ಆ ಬಿಡುವು ಲೆಕ್ಕಕ್ಕಿಲ್ಲ.

ರೇಸ್ ಆರಿಸುವಾಗ ಶಾಲೆಯ ಕ್ಯಾಲೆಂಡರ್ ನೋಡಿ. ಏಪ್ರಿಲ್ ಕೊನೆಯ ರೇಸ್ ಅಂದರೆ ಫೆಬ್ರವರಿ, ಮಾರ್ಚ್ ಪೂರ್ತಿ ತಯಾರಿ. ಅದೇ ಹೊತ್ತಿಗೆ ಮಕ್ಕಳ ಪರೀಕ್ಷೆ, ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ನೆಂಟರು, ಬಿಸಿಲು. ಮಗುವಿಗೆ ಜ್ವರ ಬಂದು ಒಂದು ವಾರ ತಪ್ಪಿತಾ? ಅಷ್ಟಕ್ಕೆ ಕಟ್ಟಿದ ಶಕ್ತಿ ಕರಗಿ ಹೋಗಲ್ಲ. ತಪ್ಪಿದ್ದನ್ನೆಲ್ಲ ಮುಂದಿನ ವಾರಕ್ಕೆ ತುರುಕಬೇಡಿ, ಗಾಯ ಆಗೋದು ಆಗಲೇ.

ಹಾಫ್ ಮುಗಿದ ಕೂಡಲೇ ಫುಲ್ ಮ್ಯಾರಥಾನ್ ಅಂತ ಹೊರಡಬೇಡಿ. ಅದಕ್ಕೆ 30 ಕಿಲೋಮೀಟರ್‌ನ ಲಾಂಗ್ ರನ್ ಬೇಕು, ಅಂದರೆ ಮೂರೂವರೆ ಗಂಟೆ. ಚಿಕ್ಕವನು ಮೊದಲು ಶಾಲೆಗೆ ಸೇರಲಿ.